ಕೌದಿಯೊಳಗಿನ ಹಸಿರು ಬಟ್ಟೆ

ಮದುವೆಯಾಗಿ ಬಂದ ಹೊಸದರಲ್ಲಿ ನಾನು ಒಡೆದ ಪ್ಲಾಸ್ಟಿಕ್ ಬಿಂದಿಗೆಯೊಂದನ್ನು ತಿಪ್ಪೆಗೆ ಎಸೆದು ಬಂದಿದ್ದೆ. ಸಂಜೆ ನೋಡಿದರೆ ಅದು ನಮ್ಮ ಅಂಗಳದಲ್ಲೇ ಇತ್ತು. ತಳಭಾಗ ಕೋಳಿಗಳಿಗೆ ನೀರಿಡುವ ಬೋಗುಣಿಯಾಗಿತ್ತು. ಕೊರಳಿನ ಭಾಗ ಚೀಲಕ್ಕೆ ರಾಗಿ ಸುರಿಯುವ ಆಲಿಕೆಯಾಗಿ ಗೋಡೆಯ ಗೂಟದಲ್ಲಿ ನೇತಾಡುತ್ತಿತ್ತು. ನಮ್ಮ ಅತ್ತೆ ಚಿಕ್ಕನಿಂಗಮ್ಮ ಬೈಯಲಿಲ್ಲ. "ನಿಮ್ಮೊನ್ನೂರಲ್ಲಿ ನೀರೈತೆ, ತೆಂಗೈತೆ, ಎಸೀತೀರಿ ಕಣವ್ವ. ಇಲ್ಲಿ ಯಾವುದ್ನೂ ಎಸೆಯಂಗಿಲ್ಲ" ಎಂದಷ್ಟೇ ಹೇಳಿದರು.

ಹೊನ್ನೂರು ನನ್ನ ತವರು. ಯಳಂದೂರಿನ ಪಕ್ಕದ ಗದ್ದೆ, ಕಬ್ಬಿನ ಊರು. ಗಂಡನ ಊರು ಹನೂರಿನಿಂದ ಮಾರ್ಟಳ್ಳಿ ಕಡೆಗೆ ಹೋಗುವ ರಸ್ತೆಯಿಂದ ಒಳಕ್ಕೆ ಸರಿದ ಕಾಡಂಚಿನ ಊರು. ಅಲ್ಲಿ ನಾನು ಕಲಿತದ್ದು ಅಡುಗೆಯನ್ನಲ್ಲ, ಹಳೆಯದನ್ನು ಕಂಡರೆ ಕೈ ತಡೆಯುವುದನ್ನು. ಕೆಮ್ಮಿನ ಔಷಧಿ ಮುಗಿದರೆ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ಹಳೇ ಪಂಚೆಯ ಬತ್ತಿ ತೂರಿಸಿ ಸೀಮೆಎಣ್ಣೆ ಬುಡ್ಡಿ ಮಾಡುತ್ತಿದ್ದರು ಅತ್ತೆ. ಕೊಡೆಯ ಬಟ್ಟೆ ಎಲೆಅಡಿಕೆ ಚೀಲವಾಗುತ್ತಿತ್ತು. ಸೈಕಲ್ ಟ್ಯೂಬನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಮಂಚಕ್ಕೆ ಹೆಣೆಯುತ್ತಿದ್ದರು. ಗೊಬ್ಬರದ ಖಾಲಿ ಚೀಲಗಳನ್ನು ತೊಳೆದು ಕೈಚೀಲ ಹೊಲಿಯುತ್ತಿದ್ದರು. ಹೊಲಿಯುವ ದಾರವನ್ನೂ ಆ ಚೀಲದ ಅಂಚಿನಿಂದಲೇ ಎಳೆಯುತ್ತಿದ್ದರು, ಅಂಗಡಿಯ ದಾರ ಅವರ ಕಣ್ಣಿಗೆ ದುಂದುಗಾರಿಕೆ. ಟಾರ್ಚಿನ ಸೆಲ್ಲು ಸತ್ತರೆ ಒಡೆದು, ಒಳಗಿನ ಮಸಿಯನ್ನು ಸಗಣಿಗೆ ಕಲಸಿ ನೆಲ ಸಾರಿಸುತ್ತಿದ್ದರು. ನಮ್ಮ ನೆಲದ ಕರಿಯ ಹೊಳಪು ನೋಡಿ ಅಕ್ಕಪಕ್ಕದವರು ಹೊಟ್ಟೆ ಉರಿದುಕೊಳ್ಳುತ್ತಿದ್ದರು, ನನಗೂ ಒಳಗೊಳಗೇ ಜಂಬವಿತ್ತು.

ಅವರ ಕೈಯ ದೊಡ್ಡ ಕೆಲಸವೆಂದರೆ ಕೌದಿ. ಮೇಲೊಂದು, ಕೆಳಗೊಂದು ಹಳೆಯ ಸೀರೆ, ನಡುವೆ ಮನೆಯ ಹರಕು ಬಟ್ಟೆಗಳೆಲ್ಲ ಪದರ ಪದರವಾಗಿ. ಅದರ ಮೇಲೆ ಒತ್ತೊತ್ತಾಗಿ ಹೊಲಿಗೆ. ನಡುವೆ ಏನಿದೆ ಎಂಬುದು ಹೊಲಿದವರಿಗೆ ಮಾತ್ರ ಗೊತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಹುಣಸೆ ಉದುರಿಸುವ ಕಾಲದಲ್ಲಿ ಒಂದು ದಿನ ಹಳ್ಳದ ಕಡೆ ಹೋಗಿದ್ದ ಅತ್ತೆ ಹುಣಸೆಯ ಚೀಲದ ಜೊತೆ ಒಂದು ಹಸಿರು ಅಂಗಿಯನ್ನೂ ತಂದರು. ದಪ್ಪ ಬಟ್ಟೆ, ಎದೆಯ ಮೇಲೆ ಎರಡು ಜೇಬು, ಹಿತ್ತಾಳೆಯ ಗುಂಡಿಗಳು. "ಪೊದೆ ಮ್ಯಾಲಿತ್ತು" ಎಂದರು, ಹೆಚ್ಚು ಮಾತಾಡಲಿಲ್ಲ.

ನನ್ನ ಗಂಡ ಮಾದು ಅದನ್ನು ತಿರುಗಿಸಿ ನೋಡಿ, "ಅವ್ವ, ಇದು ಯಾರೋ ಡ್ಯೂಟಿಯೋರ್ದು ಕಣೆ. ನಮ್ಗ್ಯಾಕೆ?" ಎಂದ.

"ಬಿಚ್ಚುದ್ಮೇಲೆ ಬಟ್ಟೆ ಬಟ್ಟೇನೇ ಕಣ್ಲಾ" ಎನ್ನುತ್ತ ಅತ್ತೆ ಆಗಲೇ ಬ್ಲೇಡು ಹಿಡಿದು ಕೂತಿದ್ದರು. ಹೊಲಿಗೆ ಬಿಚ್ಚಿ ಬೆನ್ನು ಬೇರೆ, ಎದೆ ಬೇರೆ, ತೋಳು ಬೇರೆ ಮಾಡಿ ಗಂಟು ಕಟ್ಟಿಟ್ಟರು.

ಆ ಕಾಲದಲ್ಲಿ ನಮ್ಮ ಕಡೆ ಹಸಿರು ಬಟ್ಟೆ ತೊಡುವವರು ಮೂರು ತರದವರು. ಪೊಲೀಸಿನವರು, ಫಾರೆಸ್ಟಿನವರು, ಮತ್ತೆ ಇವರಿಬ್ಬರೂ ಹುಡುಕುತ್ತಿದ್ದವರು. ಅವರ ಹೆಸರನ್ನು ನಾವು ಬಾಯಲ್ಲಿ ಆಡುತ್ತಿರಲಿಲ್ಲ, ಕಾಡಿನೋರು ಎನ್ನುತ್ತಿದ್ದೆವು, ಅದನ್ನೂ ತಗ್ಗಿದ ದನಿಯಲ್ಲಿ. ಬೇಸಿಗೆ ಏರುತ್ತಿದ್ದಂತೆ ಗಡಿಯಲ್ಲಿ ಗಲಾಟೆ ಜಾಸ್ತಿಯಾಗಿ, ರಸ್ತೆಬದಿಯ ಒಂದು ಖಾಲಿ ಗೋಡೌನಿನಲ್ಲಿ ಪೊಲೀಸ್ ಕ್ಯಾಂಪು ಬಂತು, ಅದರ ಮುಂದೆಯೇ ಚೆಕ್‌ಪೋಸ್ಟು. ಯಾವುದೋ ಊರಿನಲ್ಲಿ ಹಸಿರು ಬಟ್ಟೆ ಹೊಲಿದುಕೊಟ್ಟನೆಂದು ದರ್ಜಿಯೊಬ್ಬನನ್ನು ಜೀಪಿಗೆ ಹತ್ತಿಸಿಕೊಂಡು ಹೋದರಂತೆ ಎಂಬ ಸುದ್ದಿ ಬಾವಿಕಟ್ಟೆಗೆ ಬಂತು. ನಿಜವೋ ಸುಳ್ಳೋ ಯಾರಿಗೂ ಗೊತ್ತಿಲ್ಲ. ನಾನು ಅರ್ಧ ತುಂಬಿದ ಕೊಡ ಹೊತ್ತುಕೊಂಡೇ ಮನೆಗೆ ಓಡಿದೆ.

"ಅತ್ತೆ, ಆ ಗಂಟ ಸುಟ್ಟಾಕಿ" ಎಂದೆ.

"ಸುಟ್ರೆ ವಾಸ್ನೆ ಬತ್ತದೆ ಕಣ್ ರತ್ನಿ. ಹೂತ್ರೆ ನಾಯಿ ಕೆರೀತವೆ" ಎಂದರು. ಸುಡಲು ಅವರಿಗೆ ಮನಸ್ಸೂ ಇರಲಿಲ್ಲ, ಧೈರ್ಯವೂ ಇರಲಿಲ್ಲ ಎಂದು ನನಗೆ ಗೊತ್ತಿತ್ತು. ಬಾಗಿಲು ಹಾಕಿಕೊಂಡು ಇಬ್ಬರೂ ಕೂತು ಹಸಿರು ತುಂಡುಗಳನ್ನು ಒಂದು ಕೌದಿಯ ನಟ್ಟನಡುವೆ ಹರಡಿ, ಮೇಲೆ ಕೆಳಗೆ ಎರಡೆರಡು ಪದರ ಹಾಕಿ ಹೊಲಿದುಬಿಟ್ಟೆವು. ಜೀಪಿನ ಸದ್ದು ಕೇಳಿದಾಗಲೆಲ್ಲ ನನ್ನ ಸೂಜಿ ಬಟ್ಟೆ ಬಿಟ್ಟು ಬೆರಳಿಗೆ ಇಳಿಯುತ್ತಿತ್ತು.

ಅದಾದ ಸ್ವಲ್ಪ ದಿನಕ್ಕೇ ನಮ್ಮೂರಿನಲ್ಲಿ ಮನೆ ಮನೆ ಹುಡುಕಾಟ ನಡೆಯಿತು. ಮಾದು ಬೆಳಗಿನ ಬಸ್ಸಿಗೆ ಕೊಳ್ಳೇಗಾಲದ ಅಂಗಡಿಗೆ ಕೈಚೀಲ ಕೊಟ್ಟುಬರಲು ಹೋಗಿದ್ದ. ಮನೆಯಲ್ಲಿ ನಾವಿಬ್ಬರೇ. ಬೂಟುಗಾಲಿನಲ್ಲೇ ಒಳಗೆ ಬಂದ ಪೊಲೀಸಿನವರು ಅತ್ತೆಯ ಮೂಲೆಯನ್ನು ಕಂಡು ನಿಂತುಬಿಟ್ಟರು. ಸುತ್ತಿಟ್ಟ ವೈರು, ಖಾಲಿ ಡಬ್ಬ, ಮೊಳೆ, ಸತ್ತ ಸೆಲ್ಲುಗಳ ರಾಶಿ. ಅದುವರೆಗೆ ನನಗೆ ಅದು ಬರೀ ಕಸವಾಗಿತ್ತು. ಅವರ ಕಣ್ಣಿನಿಂದ ನೋಡಿದಾಗ ಬಾಂಬಿನ ಸಾಮಾನಿನಂತೆ ಕಂಡಿತು.

"ಇಷ್ಟೊಂದು ವೈರು, ಸೆಲ್ಲು ಯಾಕಮ್ಮ ಮನೇಲಿ? ಯಾರಿಗೆ ಕೊಡೋಕೆ?" ಎಂದ ಮುಂದಿದ್ದವನು.

"ಯಾರ್ಗೂ ಇಲ್ಲ ಸಾ. ವೈರು ಬಟ್ಟೆ ಒಣಾಕಕ್ಕೆ. ಸೆಲ್ಲು ನೆಲಕ್ಕೆ ಸಾ."

"ನೆಲಕ್ಕೆ ಅಂದ್ರೆ? ಹೂಳೋದಾ?"

ನಾನೇ ಬಗ್ಗಿ ಒಂದು ಸೆಲ್ಲನ್ನು ಗುಂಡುಕಲ್ಲಿನಿಂದ ಜಜ್ಜಿದೆ. ಮಸಿಯನ್ನು ಅಂಗೈಗೆ ಹಾಕಿಕೊಂಡು ನೀರು ಚಿಮುಕಿಸಿ ಅವನ ಬೂಟಿನ ಮುಂದೆಯೇ ಉಜ್ಜಿ ತೋರಿಸಿದೆ. ಅವನು ನೆಲವನ್ನೂ ನನ್ನನ್ನೂ ಒಂದು ಗಳಿಗೆ ನೋಡಿದ. ಆಮೇಲೆ ಲಾಠಿಯಿಂದ ಮಂಚದ ಮೇಲಿದ್ದ ಕೌದಿಯನ್ನು ತಿವಿದ, ಮಗುಚಿದ, ಕೊನೆಗೆ ಅದರ ಮೇಲೇ ಕೂತು ಬೂಟಿನ ದಾರ ಬಿಗಿದುಕೊಂಡ. "ಒಳ್ಳೆ ಬೆಚ್ಚಗಿರುತ್ತೆ ಇದು" ಎಂದು ಅದನ್ನು ತಟ್ಟಿ ಎದ್ದು ಹೋದ.

ಅವರು ಬೀದಿಯ ತಿರುವು ದಾಟಿದ ಮೇಲೆ ನನಗೆ ನಗು ಬಂತು. ಹೆದರಿಕೆ ಇಳಿದಾಗ ಬರುವ ಹುಚ್ಚು ನಗು. ಅತ್ತೆ ನಗಲಿಲ್ಲ. ಅವರು ಟ್ರಂಕಿನ ಕಡೆ ನೋಡುತ್ತಿದ್ದರು.

"ರತ್ನಿ, ಮಾದು ಯಾವಂಗಿ ಹಾಕ್ಕಂಡೋದ?"

"ಟ್ರಂಕಲ್ಲಿದ್ದ ಬಿಳೀದು. ಪ್ಯಾಟೆಗೆ ಓಗಬೇಕಾರೆ ಅದೇ ಅಲ್ವಾ?"

ಅತ್ತೆ ಕೂತಲ್ಲೇ ಕುಸಿದರು. "ಅದ್ರ ಗುಂಡಿ ಕಿತ್ತೋಗಿದ್ವು. ಆ ಅಂಗಿವ್ನೇ ಹಾಕ್ಬುಟ್ಟಿವ್ನಿ ಕಣವ್ವ."

ನನಗೆ ಮೊದಲು ಅರ್ಥವಾಗಲಿಲ್ಲ. ಅಂಗಿ ಬಿಚ್ಚಿದ ದಿನವೇ ಅದರ ಹಿತ್ತಾಳೆ ಗುಂಡಿಗಳನ್ನು ಮಗನ ಅಂಗಿಗೆ ಹೊಲಿದು ಟ್ರಂಕಿಗೆ ಹಾಕಿ ಅತ್ತೆ ಮರೆತುಬಿಟ್ಟಿದ್ದರು. ಬಟ್ಟೆಯನ್ನು ಅಷ್ಟು ಹೆದರಿ ಅಷ್ಟು ಜಾಣತನದಿಂದ ಮುಚ್ಚಿಟ್ಟವರು ನಾವು. ಸರ್ಕಾರಿ ಮುದ್ರೆಯ ಗುಂಡಿಗಳು ಅವನ ಎದೆಯ ಮೇಲೆ ಹೊಳೆಯುತ್ತ ಚೆಕ್‌ಪೋಸ್ಟಿನ ಮುಂದೆ ಹೋಗಿದ್ದವು. ಬೆಳಗಿನ ಕತ್ತಲಲ್ಲಿ ಅಂಗಿ ತೊಟ್ಟ ಅವನೂ ನೋಡಿರಲಿಕ್ಕಿಲ್ಲ, ರೊಟ್ಟಿ ಕಟ್ಟಿಕೊಟ್ಟ ನಾನೂ ನೋಡಲಿಲ್ಲ.

ಬಿಸಿಲೇರುವ ಹೊತ್ತಿಗೆ ತರಕಾರಿ ಮಾರುವ ಮಾರ್ಟಳ್ಳಿಯ ಮಣಿಕಂಠ ಸೈಕಲ್ಲಿನಲ್ಲಿ ಬಂದ. ತಮಿಳು, ಕನ್ನಡ ಎರಡನ್ನೂ ಕಲಸಿ ಮಾತಾಡುವ ಮನುಷ್ಯ. ಬೇರೆ ದಿನವಾದರೆ ಆ ಮಾತು ಹಿಡಿದು ನಾನು ಅವನನ್ನು ರೇಗಿಸುತ್ತಿದ್ದೆ. "ಅಕ್ಕಾ, ಉಂಗ ವೀಟ್ಟುಕ್ಕಾರನ್ನ ಬಸ್ಸಿಂದ ಇಳಿಸ್ಕಂಡವ್ರೆ. ಕ್ಯಾಂಪೊಳಗೆ ಕುಂಡ್ರುಸವ್ರೆ" ಎಂದು ನನ್ನ ಗಂಡನ ಸುದ್ದಿ ಹೇಳಿದವನು ನಿಲ್ಲದೆ ಹೋದ. ನಮ್ಮ ಬಾಗಿಲಲ್ಲಿ ನಿಲ್ಲಲು ಅವನಿಗೂ ಹೆದರಿಕೆ.

ಅತ್ತೆ ಎದ್ದು ಕೌದಿಯನ್ನು ಮಡಚಿ ತಲೆಯ ಮೇಲೆ ಇಟ್ಟುಕೊಂಡರು. ನಾನು ಅವರ ಸೆರಗು ಹಿಡಿದೆ. "ಇದ ತಕಂಡೋದ್ರೆ ನಮ್ಮುನ್ನೂ ಕೂರುಸ್ಕತಾರೆ ಅತ್ತೆ. ಸುಮ್ಕೆ ಓಗಿ ಕಾಲಿಗ್ ಬೀಳವಾ."

"ಗುಂಡಿ ಇಚಾರ ಅವನ್ಗೇನ್ ಗೊತ್ತು ಏಳಕ್ಕೆ? ಗೊತ್ತಿಲ್ಲ ಅಂತಾನೆ, ಅವ್ರು ನಂಬಕ್ಕಿಲ್ಲ. ಹೊಲ್ದೋಳು ನಾನು" ಎಂದು ನಡೆದರು. ದಾರಿಯುದ್ದಕ್ಕೂ ಕೌದಿಯನ್ನು ಕಸಿದು ಯಾವುದಾದರೂ ಬಾವಿಗೆ ಎಸೆದುಬಿಡಬೇಕೆನಿಸುತ್ತಿತ್ತು, ಅಷ್ಟಕ್ಕೂ ಧೈರ್ಯ ಬರಲಿಲ್ಲ.

ಕ್ಯಾಂಪಿನ ಜಗಲಿಯ ನೆಲದ ಮೇಲೆ ಮಾದು ಕೂತಿದ್ದ. ಅಂಗಿಯ ಎದೆ ತೆರೆದಿತ್ತು, ಗುಂಡಿಗಳು ಸಾಹೇಬರ ಮೇಜಿನ ಮೇಲಿದ್ದವು. ನಮ್ಮನ್ನು ಕಂಡು ಅವನು ಬೇಡ ಎನ್ನುವಂತೆ ತಲೆಯಾಡಿಸಿದ. ಅತ್ತೆ ಅವನ ಕಡೆ ನೋಡದೆ ಕೌದಿಯನ್ನು ಸಾಹೇಬರ ಮುಂದೆ ಹರಡಿದರು. ಹಲ್ಲಿನಿಂದ ದಾರ ಕಚ್ಚಿ ಎಳೆದು, ಪದರ ಬಿಡಿಸಿ ಹಸಿರು ತುಂಡುಗಳನ್ನು ಒಂದೊಂದಾಗಿ ತೆಗೆದಿಟ್ಟರು. ಬೆನ್ನು, ಎದೆ, ತೋಳು, ಕಾಲರು. ನೆಲದ ಮೇಲೆ ಅದು ಮತ್ತೆ ಒಬ್ಬ ಮನುಷ್ಯನ ಅಂಗಿಯಂತೆ ಕಂಡಿತು. ಅಲ್ಲಿಯವರೆಗೆ ನನಗೆ ಅದರೊಳಗೆ ಒಬ್ಬ ಮನುಷ್ಯ ಇದ್ದಿರಬೇಕು ಎಂಬ ಯೋಚನೆಯೇ ಬಂದಿರಲಿಲ್ಲ.

"ಹಳ್ಳದತ್ರ ಸಿಕ್ತು ಸಾ. ಹುಣ್ಸೆ ಕಾಲ್ದಲ್ಲಿ. ಬಟ್ಟೆ ಬಿದ್ದಿದ್ರೆ ಬಿಡೋಳಲ್ಲ ನಾನು, ತಂದ್ಬುಟ್ಟೆ. ಗುಂಡೀನೂ ನಾನೇ ಹಾಕಿದ್ದು. ನನ್ ಮಗನ್ಗೆ ಇದ್ಯಾವುದೂ ಗೊತ್ತಿಲ್ಲ."

"ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ರಿ?"

"ಎದ್ರಿಕೆ ಸಾ."

ಸಾಹೇಬರು ಗದರಲಿಲ್ಲ. ಒಳಗೆ ತಿರುಗಿ, ಮಾದಿ ಎಂಬವಳನ್ನು ಕರೆಯಲು ಹೇಳಿದರು. ಹಿಂಬದಿಯಿಂದ ಒಬ್ಬಳು ಹೆಂಗಸು ಬಂದಳು. ಬೆಟ್ಟದ ಪೋಡಿನವಳು, ಎಂದರೆ ಕಾಡಿನ ಹಾಡಿಯವಳು. ಅವಳ ಗಂಡ ಜಡೇಸ್ವಾಮಿ ಫಾರೆಸ್ಟಿನಲ್ಲಿ ವಾಚರು. ಆ ಹುಣಸೆ ಕಾಲದಲ್ಲೇ ಕಾಡಿಗೆ ಹೋದವನು ಮರಳಿರಲಿಲ್ಲ. ಅವನು ಪಾಲಾರ್ ಹೊಳೆಯ ಕಡೆ ಹೋಗಿದ್ದನೆಂದು ಅಷ್ಟು ದಿನವೂ ಹೊಳೆಯಾಚೆಯೇ ಹುಡುಕುತ್ತಿದ್ದರು. ಮಾದಿ ಕ್ಯಾಂಪಿನಲ್ಲಿ ನೀರು ತುಂಬಿಕೊಡುತ್ತ, ಏನಾದರೂ ಸುದ್ದಿ ಬಂದೀತೆಂದು ಅಲ್ಲೇ ಇದ್ದುಬಿಟ್ಟಿದ್ದಳು.

ಅವಳು ಕೂತು ತುಂಡುಗಳನ್ನು ಮುಟ್ಟಿದಳು. ತೋಳಿನ ಬುಡದಲ್ಲಿ ಕಪ್ಪು ದಾರದ ಒಂದು ತೇಪೆ ಇತ್ತು, ಅದರ ಮೇಲೆ ಬೆರಳಿಟ್ಟು, "ನಾ ಹಾಕಿದ್ದು" ಎಂದಳು. ಆಮೇಲೆ ಅತ್ತೆಯನ್ನು ಕೇಳಿದಳು, "ಸಿಕ್ಕಿದಾಗ ಒಣಗಿತ್ತಾ ಅವ್ವ, ಒದ್ದೆ ಇತ್ತಾ?"

ಅತ್ತೆ ಆ ತುಂಡುಗಳನ್ನೇ ನೋಡುತ್ತ, "ಒದ್ದೆ ಇತ್ತು ಕಣವ್ವ. ಹಿಂಡಿ ಒಣಾಕ್ದಂಗೆ" ಎಂದರು.

"ಅಂಗಾರೆ ಅವತ್ತು ಬದ್ಕಿದ್ದ" ಎಂದಳು ಮಾದಿ. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಬಂದ ಒಂದು ಆಸೆ ಇತ್ತು. ನನಗೆ ಅದನ್ನು ನೋಡಲಾಗಲಿಲ್ಲ.

ಹಳ್ಳದ ಜಾಗವನ್ನು ಗುರುತು ಕೇಳಿಕೊಂಡು, ಆಳುಗಳನ್ನು ಆ ಕಡೆಗೆ ಕಳಿಸಿ, ಸಾಹೇಬರು ಮಾದುವನ್ನು ಬಿಟ್ಟರು. ಅವನು ಅಂಗಿಯ ಎದೆಯನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಜೊತೆ ಹೊರಟ. ರಸ್ತೆಗೆ ಬಂದ ಮೇಲೆ ನಾನು ಅವನ ರಟ್ಟೆ ಹಿಡಿದುಕೊಂಡೆ, ಯಾರು ನೋಡಿದರೂ ಬಿಡಲಿಲ್ಲ. ಬದುಕಿಕೊಂಡೆವು ಎಂದು ಮನಸ್ಸು ಒಂದೇ ಸಮನೆ ಹೇಳುತ್ತಿತ್ತು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಸಾಕಿತ್ತು.

ಊರಿನ ತಿರುವಿನಲ್ಲಿ ಅತ್ತೆ ನಿಂತರು.

"ನಾನು ಅಂಗಿ ತಕೊಳ್ಳುವಾಗ ಪೊದೆಯಾಚೆ ಯಾರೋ ಕೆಮ್ಮುದ್ರು" ಎಂದರು. "ಕಾಡಿನೋರೇನೋ ಅಂತ ಎದ್ರಿ ಓಡ್ಬಂದೆ. ಅಂಗಿ ಕೈಯಲ್ಲೇ ಇತ್ತು. ತಿರುಗಿ ನೋಡ್ನಿಲ್ಲ."

ಮಾದು ಸುತ್ತಮುತ್ತ ನೋಡಿ ದನಿ ತಗ್ಗಿಸಿದ. "ಅವ್ವ, ಬಿಟ್ಟವ್ರೆ ನಮ್ಮ. ಈ ಮಾತ ಯಾರ್ಗೂ ಅನ್ಬೇಡ. ಯಾಕ್ ಮೊದ್ಲೇ ಏಳ್ನಿಲ್ಲ ಅಂತ ಮತ್ತೆ ಕೂರುಸ್ಕತಾರೆ."

"ಬ್ಯಾಡಿ ಅತ್ತೆ, ನಡೀರಿ ಮನೆಗೆ" ಎಂದು ನಾನೂ ಅಂಗಲಾಚಿದೆ. ನಿಜವಾಗಿ ಬೇಡಿಕೊಂಡೆ. ಆ ಹೊತ್ತು ನನಗೆ ಬೇಕಾಗಿದ್ದುದು ನನ್ನ ಗಂಡ ಮಾತ್ರ.

ಅತ್ತೆಯ ಮುಖ ಬೆಳಿಗ್ಗೆಗಿಂತ ಬಿಳಿಚಿಕೊಂಡಿತ್ತು. ಅಷ್ಟು ಹೆದರಿದ ಮುಖವನ್ನು ನಾನು ಆಮೇಲೆ ಯಾವತ್ತೂ ಯಾರಲ್ಲೂ ಕಂಡಿಲ್ಲ. ಆದರೂ ಅವರು ತಿರುಗಿ ಕ್ಯಾಂಪಿನ ಕಡೆಗೆ ನಡೆದರು. ಸ್ವಲ್ಪ ಹೊತ್ತು ನಿಂತಿದ್ದು ನಾವೂ ಹಿಂದೆ ಹೋದೆವು.

ಮಾದಿ ಜಗಲಿಯ ಕೆಳಗೆ ಕೂತು ಹಸಿರು ತುಂಡುಗಳನ್ನು ಮಡಚಿಡುತ್ತಿದ್ದಳು. ಅತ್ತೆ ಅವಳ ಮುಂದೆ ನಿಂತು, ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದರು. ಸಾಹೇಬರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನಾನು ಮಾದುವಿನ ಕೈ ಹಿಡಿದು ಕಣ್ಣು ಮುಚ್ಚಿಕೊಂಡಿದ್ದೆ.

ಮಾದಿ ಬೈಯಲಿಲ್ಲ, ಅಳಲೂ ಇಲ್ಲ. "ಅವನ್ಗೆ ಕೆಮ್ಮಿತ್ತು ಕಣವ್ವ" ಎಂದಳು. "ಬ್ಯಾಡ ಅಂದ್ರೂ ಡ್ಯೂಟಿಗೋದ."

ಅತ್ತೆ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು. ಹಳ್ಳಕ್ಕೆ ಹೋದವರು ಬರಿಗೈಯಲ್ಲಿ ವಾಪಸು ಬಂದ ಮೇಲೂ ಅವರು ಏಳಲಿಲ್ಲ.