ಕಾಕಾ ಹಾಕಿಕೊಳ್ಳದ ಮಫ್ಲರ್

ನಿನ್ನೆ ಬೀರು ತೆಗೆದೊಡನೆ ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಚಳಿಗಾಲದ ಬಟ್ಟೆಗಳ ಅಡಿಯಲ್ಲಿ ಆ ಕೆಂಪು ಮಫ್ಲರ್... ಫುಟ್‌ಬಾಲ್ ತಂಡವೊಂದರ ಅಭಿಮಾನಿಗಳು ಕುತ್ತಿಗೆಗೆ ಸುತ್ತಿಕೊಳ್ಳುವಂಥದ್ದು. ಅದು ನನ್ನದಲ್ಲ. ಡಾಕ್ಟರ್ ಕಾಕಾ ಅವರದು.

ಲಂಡನ್ನಿಗೆ ಬಂದ ಹೊಸತರಲ್ಲಿ ಕಿಂಗ್ಸ್‌ಬರಿಯ ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಧಾರವಾಡದವರು, ಮೂವತ್ತು ವರ್ಷ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾಗಿದ್ದರು. ಮೈಸೂರಿನವನಾದ ನಾನೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ.

ನಾನು ಕೆಲಸಕ್ಕಿದ್ದ ಕಂಪನಿ ಮುಚ್ಚಿ, ಬೇರೆ ಕೆಲಸ ಸಿಗದಿದ್ದರೆ ಊರಿಗೆ ವಾಪಸ್ಸಾಗಬೇಕಿದ್ದ ದಿನಗಳವು. ಅಕ್ಸ್‌ಬ್ರಿಡ್ಜ್‌ನ ಆಫೀಸೊಂದರಿಂದ ಇಂಟರ್‌ವ್ಯೂಗೆ ಕರೆ ಬಂದಾಗ ಕಾಕಾ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಉಪದೇಶ ಮಾಡಿದರು.

“ಇಲ್ಲಿ ಯಾರೂ ಜಾತಿ ಕೇಳೂದಿಲ್ಲೋ ತಮ್ಮಾ, ಆಟ ಕೇಳ್ತಾರ. ಫುಟ್‌ಬಾಲ್ ಅಂದ್ರ ಲಾರಿ ಹೊಡಿಯಾಂವ. ರಗ್ಬಿ ಅಂದ್ರ ಬ್ಯಾರಿಸ್ಟರನ ಮಗ. ನೀ ರಗ್ಬಿ ಅನ್ನು.”

ಮುಖ ನೋಡಿ ಮಣೆ ಹಾಕುವ ಊರಿನಿಂದ ಬಂದವನಿಗೆ ಇದು ಅರ್ಥವಾಗದ ಮಾತೇ? ಇಂಟರ್‌ವ್ಯೂನಲ್ಲಿ ಯಾವ ಆಟ ಇಷ್ಟ ಎಂದಾಗ ರಗ್ಬಿ ಅಂದೆ. ಎದುರಿಗಿದ್ದ ಮ್ಯಾನೇಜರ್ ಕಣ್ಣರಳಿಸಿ, ತಂಡದಲ್ಲಿ ನೀವು ಆಡುವುದು ಯಾವ ಸ್ಥಾನದಲ್ಲಿ ಎಂದು ಕೇಳಿದರು. “ಗೋಲ್‌ಕೀಪರ್,” ಎಂದೆ, ಎದೆಯುಬ್ಬಿಸಿ.

ರಗ್ಬಿಯಲ್ಲಿ ಗೋಲ್‌ಕೀಪರ್ ಇರುವುದೇ ಇಲ್ಲ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ತಮ್ಮ ತಂದೆಯ ವಿಷಯ ಹೇಳಿದರು: ವೇಲ್ಸ್‌ನ ಕಲ್ಲಿದ್ದಲ ಗಣಿಯಲ್ಲಿ ಕೂಲಿ, ಅವರ ಊರಲ್ಲಿ ಗಣಿಯಿಂದ ಮೇಲೆ ಬಂದವರೆಲ್ಲ ಆಡುತ್ತಿದ್ದುದು ರಗ್ಬಿಯನ್ನೇ. ಕೆಲಸವೇನೋ ಸಿಕ್ಕಿತು.

ನಗಿಸೋಣವೆಂದು ಕಾಕಾಗೆ ಇದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಒಳಗೆ ಹೋಗಿ ಈ ಮಫ್ಲರ್ ತಂದು ಮೇಜಿನ ಮೇಲಿಟ್ಟರು. ಫುಟ್‌ಬಾಲ್ ಎಂದರೆ ಅವರಿಗೆ ಪ್ರಾಣ. ಆದರೆ ಪ್ರತಿ ಚಳಿಗಾಲ ಬ್ಲೇಜರ್ ಹಾಕಿಕೊಂಡು ಆಸ್ಪತ್ರೆಯ ದೊಡ್ಡ ಡಾಕ್ಟರುಗಳ ಜೊತೆ ರಗ್ಬಿ ನೋಡಲು ಹೋಗುತ್ತಿದ್ದರಂತೆ. ತಮ್ಮ ತಂಡದ ಆಟವನ್ನು ಮಾತ್ರ ಗ್ಯಾರೇಜಿನಲ್ಲಿ, ಕಾರಿನೊಳಗೆ ಕುಳಿತು, ರೇಡಿಯೋದ ಸದ್ದು ತಗ್ಗಿಸಿಕೊಂಡು...

“ಮೂವತ್ತು ವರ್ಷ ಸುಮ್ನ ಅಂಜಿದ್ನಲ್ಲೋ,” ಎಂದರು. ಮಫ್ಲರನ್ನು ಮತ್ತೆ ಕೈಗೆತ್ತಿಕೊಂಡು, “ಈ ಶನಿವಾರ ಮ್ಯಾಚಿಗೆ ಹೋಗೂಣ ನಡಿ. ಇದನ್ನ ಹಾಕ್ಕೊಂಡ ಬರ್ತೀನಿ.”

“ಮುಂದಿನ ವಾರ ಹೋಗೋಣ ಕಾಕಾ,” ಎಂದೆ. ಆ ಮುಂದಿನ ವಾರವೂ ಹಾಗೇ ಎಂದೆ. ಹೊಸ ಕೆಲಸ, ಬಿಡುವಿಲ್ಲ ಎಂಬುದು ಬರೀ ನೆಪ. ಆಫೀಸಿನ ಯಾರಾದರೂ ಆ ಗದ್ದಲದ ಗುಂಪಿನಲ್ಲಿ ನನ್ನನ್ನು ಕಂಡುಬಿಟ್ಟರೆ ಎಂಬ ಅಳುಕು ನಿಜ. ಅವರು ಇಳಿಸಿದ ಭಯವನ್ನು ನಾನು ಎತ್ತಿ ಹೊತ್ತುಕೊಂಡಿದ್ದೆ. ಬರೆಯುವಾಗಲೂ ನಾಚಿಕೆಯಾಗುತ್ತದೆ.

ಆ ಸೀಸನ್ ಮುಗಿಯುವ ಮೊದಲೇ ಕಾಕಾ ಹೋಗಿಬಿಟ್ಟರು. ಹದಿಮೂರನೆಯ ದಿನ ಅವರ ಹೆಂಡತಿ, ನಮ್ಮ ಕಾಕು, ಮಫ್ಲರನ್ನು ನನ್ನ ಕೈಗಿಟ್ಟು, “ನಿನ್ನ ಜೋಡಿ ಹೋಗಲಿಕ್ಕೆ ತಗದಿಟ್ಟಿದ್ರು,” ಎಂದರು. ಅಂಗಡಿಯ ಚೀಟಿ ಇನ್ನೂ ಅದರಲ್ಲೇ ನೇತಾಡುತ್ತಿತ್ತು.

ಈಗ ನನ್ನ ಮನೆ ಗ್ರೀನ್‌ಫರ್ಡ್‌ನಲ್ಲಿ. ನಿನ್ನೆ ಶನಿವಾರ. ಚೀಟಿ ಕಿತ್ತು, ಮಫ್ಲರ್ ಸುತ್ತಿಕೊಂಡು ಮ್ಯಾಚಿಗೆ ಹೊರಟೆ. ಟ್ಯೂಬ್ ರೈಲಿನಲ್ಲಿ ಅದೇ ತಂಡದ ಮಫ್ಲರ್ ಹಾಕಿದ್ದ ಮುದುಕನೊಬ್ಬ ಸರಿದು ಜಾಗ ಕೊಟ್ಟ. ಇಷ್ಟು ಹಳೆಯದು ಈಗ ಸಿಗುವುದಿಲ್ಲವಲ್ಲ, ಯಾರದು, ಎಂದು ಕೇಳಿದ.

ನಮ್ಮ ಕಾಕಾ ಅವರದು, ಎಂದೆ.

ಅವರು ಬರಲಿಲ್ಲವೇ, ಎಂದ.

ನಾನೇ ತಡ ಮಾಡಿದೆ, ಎಂದೆ.