ಲಂಟಾನ ಪೊದೆಯ ಆಚೆಗಿನ ಕಲ್ಲು

ಬೆಳಿಗ್ಗೆ ಆರೂಮುಕ್ಕಾಲಿಗೆ ಶ್ರೀರಂಗಪಟ್ಟಣದಲ್ಲಿ ಪಾಂಡವಪುರದ ಬಸ್ಸು ಹತ್ತಿದೆ. ಸಂಕ್ರಾಂತಿ ಕಳೆದು ವಾರವಾಗಿತ್ತು. ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ಚೀಲದಲ್ಲಿ ಹೆಂಡತಿ ಕಟ್ಟಿಕೊಟ್ಟ ಚಪಾತಿ, ನೀರಿನ ಬಾಟಲು, ಒಂದು ಟವಲು, ಇಪ್ಪತ್ತು ವರ್ಷ ಹಿಂದೆ ನಾನೇ ಬರೆದ ಒಂದು ನಕ್ಷೆಯ ಜೆರಾಕ್ಸ್ ಪ್ರತಿ ಇದ್ದವು. "ಹೋಗಿ ಬಂದುಬಿಡಿ, ಹೀಗೆ ಮನೆಯಲ್ಲಿ ಅಡ್ಡಾಡುತ್ತಿದ್ದರೆ ನನಗೂ ನೆಮ್ಮದಿಯಿಲ್ಲ" ಎಂದು ಅವಳು ಬಾಗಿಲಲ್ಲಿ ನಿಂತು ಹೇಳಿದ್ದಳು.

ನಾನು ಮೂವತ್ತು ವರ್ಷ ಜಮೀನು ಅಳೆದವನು. ಸರ್ವೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ಒಂದು ಮಾತು ಹೇಳುತ್ತಿದ್ದೆ: ಕಾಲು ಹೋಗದ ಕಡೆ ಕೈ ಬರೆಯಬಾರದು. ನಿವೃತ್ತಿಯ ದಿನ ಹಾರ ಹಾಕಿದವರೆಲ್ಲ ಅದೇ ಮಾತನ್ನು ನನಗೇ ಒಪ್ಪಿಸಿದರು. ಕೇಳಿ ಹಿಗ್ಗಿದ್ದೆ.

ಹದಿನೈದು ದಿನದ ಹಿಂದೆ ನಾಗಮಂಗಲ ಕಡೆಯಿಂದ ಒಬ್ಬ ಯುವ ಸರ್ವೆಯರ್ ಫೋನು ಮಾಡಿದರು. ಒಂದು ಹಳ್ಳಿಯಲ್ಲಿ ರಸ್ತೆ ಅಗಲ ಮಾಡಲು ಲಂಟಾನ ಪೊದೆ ಕಿತ್ತಾಗ ಹಳೆಯ ಎಲ್ಲೆಗಲ್ಲು ಸಿಕ್ಕಿತಂತೆ. ನನ್ನ ನಕ್ಷೆಯಲ್ಲಿ ಆ ಕಲ್ಲು ಮೂವತ್ತು ಅಡಿ ಈಚೆಗಿತ್ತು. "ಸರ್, ನೀವು ತಲೆ ಕೆಡಿಸಿಕೊಳ್ಳಬೇಡಿ. ಆಗ ಕಲ್ಲು ಕಂಡುಬಂದಿರಲಿಲ್ಲ ಅಂತ ಬರೆದುಬಿಡ್ತೀನಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅಳತೆಯ ಆ ದಿನ ನನಗೆ ಚೆನ್ನಾಗಿ ನೆನಪಿತ್ತು.

ಆ ಹಳ್ಳಿಯ ಒಬ್ಬ ಹೆಂಗಸು ಮತ್ತು ಆಕೆಯ ಮೈದುನನ ಜಮೀನಿನ ನಡುವಿನ ಎಲ್ಲೆ ಗುರುತಿಸಬೇಕಿತ್ತು. ಗಂಡನನ್ನು ಕಳೆದುಕೊಂಡಿದ್ದ ಆ ಹೆಂಗಸು, ನಿಂಗಮ್ಮ, ಪೊದೆಯ ಕಡೆ ಕೈ ತೋರಿಸಿ, "ಕಲ್ಲು ಅದರೊಳಗೆ ಅದೆ ಸಾಮಿ, ನಮ್ ಮಾವ ತೋರ್ಸಿದ್ರು" ಎಂದಳು. ಮಟಮಟ ಮಧ್ಯಾಹ್ನ. ಪೊದೆ ಆಳೆತ್ತರ ಬೆಳೆದಿತ್ತು. ಇನ್ನೂ ಎರಡು ಊರು ಮುಗಿಸಬೇಕಿತ್ತು. "ನೀನು ನನಗೆ ಸರ್ವೆ ಕಲಿಸಬೇಡ, ಸುಮ್ಮನೆ ನಿಂತ್ಕೋ" ಎಂದು ಊರವರೆದುರು ಗದರಿಸಿ, ಈಚೆ ಬದುವಿನ ಮೇಲಿದ್ದ ಇನ್ನಾವುದೋ ಕಲ್ಲನ್ನೇ ಹಿಡಿದು ಅಳೆದೆ. ಆಕೆಯ ಹೊಲದ ದಾರಿ ಮೈದುನನ ಪಾಲಿಗೆ ಹೋಯಿತು. ಸ್ಥಳ ಪರಿಶೀಲಿಸಿದೆ ಎಂದು ಬರೆದು ಸಹಿ ಹಾಕಿದೆ.

ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಅವರೆಕಾಯಿ ಚೀಲ ಇಟ್ಟುಕೊಂಡ ಹೆಂಗಸೊಬ್ಬರು ಕೂತಿದ್ದರು. ಕಂಡಕ್ಟರು ಅವರಿಗೆ ದುಡ್ಡಿಲ್ಲದ ಚೀಟಿ ಹರಿದುಕೊಟ್ಟು ನನ್ನಿಂದ ಇಪ್ಪತ್ತು ರೂಪಾಯಿ ತೆಗೆದುಕೊಂಡರು. "ಯಾವ ಕಡೀಕೆ ಅಣ್ಣ?" ಎಂದು ಆಕೆ ಕೇಳಿದಾಗ "ನಂಟರ ಮನೆಗೆ" ಎಂದುಬಿಟ್ಟೆ. "ಯಾವ ನಂಟ್ರು? ಏನಾದ್ರೂ ಸುಭಕಾರ್ಯವಾ?" ಎಂದು ಅವರು ಬಿಡದೆ ಕೇಳಿದರು. ನಾನು ಕಿಟಕಿಯ ಕಡೆ ತಿರುಗಿದೆ. ತಪ್ಪು ಒಪ್ಪಿಕೊಳ್ಳಲು ಹೊರಟವನು ಹತ್ತು ಮೈಲಿ ಮುಗಿಯುವುದರೊಳಗೆ ಒಂದು ಸುಳ್ಳು ಹೇಳಿಯಾಗಿತ್ತು.

ಪಾಂಡವಪುರದ ಹತ್ತಿರ ಕಬ್ಬಿನ ಟ್ರಾಕ್ಟರುಗಳು ಸಾಲುಗಟ್ಟಿದ್ದವು. ಬಸ್ಸು ಅವುಗಳ ಹಿಂದೆ ಅರ್ಧ ಗಂಟೆ ತೆವಳಿತು. ಊರೊಳಗೆ ಇಳಿದು ಎರಡು ಇಡ್ಲಿ, ಒಂದು ವಡೆ ತಿಂದೆ. ಎದುರಿಗೇ ನಾಗಮಂಗಲದ ನೇರ ಬಸ್ಸು ನಿಂತು ಕೂಗುತ್ತಿತ್ತು. ಅದನ್ನು ಹತ್ತಿದ್ದರೆ ಹತ್ತು ಗಂಟೆಗೆಲ್ಲ ಅಲ್ಲಿರುತ್ತಿದ್ದೆ. ಹತ್ತಲಿಲ್ಲ. ಕೆ.ಆರ್. ಪೇಟೆಯ ಬಸ್ಸು ಹಿಡಿದೆ. ಹೊಸಹೊಳಲಿನಲ್ಲಿ ಚೆಲುವಯ್ಯನನ್ನು ಕಂಡು ಹೋಗಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಚೆಲುವಯ್ಯ ಅಂದು ನನ್ನ ಜೊತೆ ಅಳತೆಯ ಸರಪಳಿ ಹಿಡಿದಿದ್ದವನು. ಅವನನ್ನು ಕಾಣಬೇಕಿದ್ದದ್ದು ನಿಜ. ನಿಂಗಮ್ಮನನ್ನು ಕಾಣುವ ಹೊತ್ತು ಸ್ವಲ್ಪ ಮುಂದಕ್ಕೆ ಹೋಗಲಿ ಎಂಬ ಆಸೆಯಿದ್ದದ್ದೂ ನಿಜ.

ಕೆ.ಆರ್. ಪೇಟೆಯಿಂದ ಹೊಸಹೊಳಲಿಗೆ ಆಟೋದಲ್ಲಿ ಹತ್ತು ನಿಮಿಷ. ದೇವಸ್ಥಾನದ ಹಿಂದಿನ ಬೀದಿಯಲ್ಲಿ ಚೆಲುವಯ್ಯ ಹುರುಳಿ ಒಣಗಹಾಕುತ್ತಿದ್ದ. ನನ್ನ ಗುರುತು ಹಿಡಿದು ಓಡಿಬಂದ. ಹಲ್ಲೆಲ್ಲ ಹೋಗಿವೆ, ನಡಿಗೆ ಮಾತ್ರ ಅದೇ, ಹೆಜ್ಜೆ ಎಣಿಸುವ ಹಾಗೆ. ಮುದ್ದೆ, ಹಿತಕಿದಬೇಳೆ ಸಾರು ಇಕ್ಕಿಸಿದ. ಊಟವಾದ ಮೇಲೆ ಲಕ್ಷ್ಮೀನಾರಾಯಣನ ಗುಡಿಯ ಜಗಲಿಯ ಮೇಲೆ ಕೂತೆವು. ನಕ್ಷೆ ಬಿಡಿಸಿ ತೋರಿಸಿದೆ.

"ಓ, ಲಂಟಾನದ ಹೊಲ" ಎಂದ ಅವನು ತಕ್ಷಣ. "ಮಚ್ಚು ತಕ್ಕಂಡು ನುಗ್ತೀನಿ ಅಂದೆ. ನೀವು ಬ್ಯಾಡ ಬಾ ಅಂದ್ರಿ."

"ನಿನಗೂ ನೆನಪಿದೆಯಲ್ಲ."

"ಇರದೆ ಏನ್ ಸಾ? ಆ ವಮ್ಮ ಸೆರಗು ಬಾಯಿಗಿಟ್ಕಂಡು ನಿಂತಿದ್ಲು." ಸ್ವಲ್ಪ ಹೊತ್ತು ಗೋಡೆಯ ಕೆತ್ತನೆ ನೋಡುತ್ತ ಕೂತ. ಆಮೇಲೆ ನನ್ನ ಕಡೆ ಬಾಗಿ, "ಒಂದ್ ಮಾತು. ಚೆಲುವಯ್ಯ ತಪ್ಪಾಗಿ ಸರಪಳಿ ಹಿಡ್ದ ಅಂತ ಏಳ್ಬುಡಿ. ನಂಗೇನ್ ಆದದು? ನನ್ನ ಯಾರು ಕೇಳ್ತಾರೆ? ನಿಮ್ ಹೆಸರು ದೊಡ್ದು, ಅದ್ಯಾಕೆ ಕೆಡ್ಸ್ಕತೀರಿ" ಎಂದ.

ನಾನು ಆ ಕ್ಷಣವೇ ಬೇಡ ಎನ್ನಲಿಲ್ಲ. ಒಂದು ಗಳಿಗೆ ಆ ಮಾತು ನನಗೆ ಹಿತವಾಗಿ ಕಂಡಿತು. ಎದುರಿಗೆ ಕೂತವನು ಇಪ್ಪತ್ತು ವರ್ಷ ನನ್ನ ಸರಪಳಿ ಹೊತ್ತವನು, ನನ್ನ ಛತ್ರಿ ಹೊತ್ತವನು. ಈಗ ತಪ್ಪನ್ನೂ ಹೊರಲು ಹೆಗಲು ಕೊಡುತ್ತಿದ್ದ. ನನಗೆ ನಾಚಿಕೆಯಾಯಿತು. "ಸಹಿ ನನ್ನದು ಚೆಲುವಯ್ಯ" ಎಂದೆ. ಅವನು ಮತ್ತೆ ಒತ್ತಾಯಿಸಲಿಲ್ಲ. ಬಸ್ ನಿಲ್ದಾಣದವರೆಗೂ ಬಂದು, "ವಾಪಸ್ಸು ಓದ್ಮೇಲೆ ಪೋನ್ ಮಾಡಿ ಸಾ" ಎಂದು ಎರಡು ಸಲ ಹೇಳಿದ.

ಕೆ.ಆರ್. ಪೇಟೆಯಿಂದ ನಾಗಮಂಗಲದ ಬಸ್ಸು ಅರ್ಧ ಖಾಲಿಯಿತ್ತು. ಗದ್ದೆ, ಕಬ್ಬು ಹಿಂದುಳಿದು ತೆಂಗು, ಹುರುಳಿ, ರಾಗಿ ಕೊಯ್ದ ಬಯಲು ಬಂದವು. ಹುಲ್ಲಿನ ಮೆದೆಗಳ ಮೇಲೆ ಬಿಸಿಲು ಕುಣಿಯುತ್ತಿತ್ತು. ಬೆಳಗಿನ ಸ್ವೆಟರು ಚೀಲ ಸೇರಿತು. ಒಂದು ಗಂಟೆಯ ಮೇಲೆ ಸ್ವಲ್ಪ ಪ್ರಯಾಣ. ನಾಗಮಂಗಲದಿಂದ ಹಳ್ಳಿಯ ಕವಲಿನವರೆಗೆ ಶೇರ್ ಆಟೋ, ಅಲ್ಲಿಂದ ಎರಡು ಕಿಲೋಮೀಟರ್ ನಡಿಗೆ. ದಾರಿಯಲ್ಲೇ ಆ ಜಾಗ ಸಿಕ್ಕಿತು. ಪೊದೆಯಿರಲಿಲ್ಲ. ಕೆಮ್ಮಣ್ಣಿನ ನಡುವೆ ಮೊಣಕಾಲೆತ್ತರದ ಕಲ್ಲು, ನೆತ್ತಿಯ ಮೇಲೆ ಉಳಿಯಲ್ಲಿ ಕೊರೆದ ಗುರುತು. ಅಂದು ನಾನು ನಿಂತಿದ್ದ ಬದುವಿನಿಂದ ಹೆಜ್ಜೆ ಹಾಕಿ ಎಣಿಸಿದೆ. ಹನ್ನೆರಡು ಹೆಜ್ಜೆ.

ನಿಂಗಮ್ಮ ಕೊಟ್ಟಿಗೆಯ ಮುಂದೆ ಹಸುವಿಗೆ ಹಿಂಡಿ ಕಲಸುತ್ತಿದ್ದರು. ಅರವತ್ತು ದಾಟಿದ ಹೆಂಗಸು. ನಾನು ಯಾರೆಂದು ಹೇಳಿದ ಮೇಲೆ ಕೈ ತೊಳೆದುಕೊಂಡು ಬಂದು ಎದುರಿಗೆ ನಿಂತರು. ಕೂರಿ ಎನ್ನಲಿಲ್ಲ. ನಾನೂ ನಿಂತೇ ಹೇಳಿದೆ. ಕಲ್ಲು ಸಿಕ್ಕಿದ್ದು ಅವರಿಗೆ ಆಗಲೇ ಗೊತ್ತಿತ್ತು.

"ನೆಲ ಓಯ್ತು, ಓಗ್ಲಿ" ಎಂದರು. "ಕೆರೆ ಏರಿ ಸುತ್ಕಂಡು ಹುಲ್ಲು ಹೊತ್ತೆ, ಅದೂ ಓಗ್ಲಿ. ನನ್ ಮಾತು ಓಯ್ತಲ್ಲ? ನೀವು ಓದ ಮಾರನೆ ದಿನಾನೇ ಊರು ನಂಗೆ ಪೊದೆ ನಿಂಗಿ ಅಂತ ಹೆಸರಿಡ್ತು. ಏನ್ ಏಳಿದ್ರೂ, ಅದೂ ಪೊದೆಯೊಳಗೆ ಅದಾ ಅಂತ ನಗೋರು. ನನ್ ಮಗ್ಳು ಮದ್ವೆ ಮಾತಿಗೆ ಬಂದೋರ ಮುಂದೂ ಅಂದ್ರು."

ನೆಲದ ಲೆಕ್ಕ ಮಾತ್ರ ನನ್ನ ತಲೆಯಲ್ಲಿತ್ತು. ಇದು ಯಾವ ನಕ್ಷೆಯಲ್ಲೂ ಬರುವಂಥದ್ದಲ್ಲ. "ಬರೆದು ಕೊಡುತ್ತೇನೆ ತಾಯಿ" ಎಂದೆ.

ಮೊಮ್ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ತಂದರು. ಬರೆದು ಓದಿದೆ. ಓದು ಬಾರದ ಅವರು ಕಣ್ಣು ಮುಚ್ಚಿ ಕೇಳಿದರು. "ಸದರಿ ಕಲ್ಲು ಅಂದು ಕಂಡುಬಂದಿರುವುದಿಲ್ಲ" ಎಂಬ ಸಾಲು ಬಂದಾಗ ಕೈ ಅಡ್ಡ ಹಿಡಿದರು.

"ಅದೇನು ಅಂಗಂದ್ರೆ? ಕಲ್ಲೇ ಬಚ್ಚಿಟ್ಕಂಡಿತ್ತಾ?"

ಮೂವತ್ತು ವರ್ಷದ ಕಚೇರಿ ಭಾಷೆ ನನ್ನ ಕೈಯಲ್ಲಿ ತಾನಾಗಿ ಬಂದಿತ್ತು. ಆ ಸಾಲು ಹೊಡೆದುಹಾಕಿ, "ನಾನು ಪೊದೆ ದಾಟಿ ಹೋಗಿ ನೋಡಲಿಲ್ಲ. ನೋಡಿದೆನೆಂದು ಸುಳ್ಳು ಬರೆದೆ" ಎಂದು ಬರೆದೆ. ಮತ್ತೊಮ್ಮೆ ಓದಿಸಿ ಕೇಳಿದರು.

"ಈಗ ಸರ್ಯಾಗದೆ. ಇದು ಆಪೀಸಿಗೆ. ಊರಿಗೆ?"

"ನೀವು ಹೇಳಿದ ಹಾಗೆ."

"ಸಂಜೆ ಡೈರಿತಾವ ಎಲ್ಲ ಹಾಲಾಕಕೆ ಬತ್ತಾರೆ. ನಂಗೆ ಬೈದಾಗ ಎಲ್ರೂ ಇದ್ರು. ಇದನ್ನೂ ಎಲ್ರ ಮುಂದೆ ಏಳಿ."

ಸಂಜೆ ಐದೂವರೆಗೆ ಡೈರಿಯ ಮುಂದೆ ಇಪ್ಪತ್ತೈದು ಮೂವತ್ತು ಜನ ಸಾಲಾಗಿ ನಿಂತಿದ್ದರು. ಸ್ಟೀಲು ಕ್ಯಾನು ಹಿಡಿದು ಕೊನೆಯಲ್ಲಿ ನಿಂತಿದ್ದವನು ನಿಂಗಮ್ಮನ ಮೈದುನ ಬೋರೇಗೌಡ. ಐವತ್ತೈದರ ದೃಢವಾದ ಆಳು. ನನ್ನನ್ನು ಕಂಡು ಅವನ ಮುಖ ಬಿಗಿಯಾಯಿತು. ಚಪ್ಪಲಿ ಬಿಟ್ಟು ಡೈರಿಯ ಮೆಟ್ಟಿಲ ಮೇಲೆ ನಿಂತೆ.

"ಇಪ್ಪತ್ತು ವರ್ಷದ ಹಿಂದೆ ಇಲ್ಲಿ ಅಳತೆ ಮಾಡಿದವನು ನಾನು. ನಿಂಗಮ್ಮನವರು ಕಲ್ಲು ಎಲ್ಲಿದೆ ಅಂತ ನಿಜ ಹೇಳಿದ್ದರು. ನಾನು ಹೋಗಿ ನೋಡಲಿಲ್ಲ, ಅವರನ್ನೇ ಬೈದೆ. ತಪ್ಪು ನನ್ನದು. ಅವರು ಒಂದು ದಿನವೂ ಸುಳ್ಳು ಹೇಳಿಲ್ಲ. ಹಾಗಂತ ಬರೆದೂ ಕೊಟ್ಟಿದ್ದೇನೆ. ಮತ್ತೆ ಅಳೆಯುವಾಗ ಕರೆದರೆ ಬಂದು ನಿಲ್ಲುತ್ತೇನೆ."

ಹಾಲು ಸುರಿಯುವ ಸದ್ದು ನಿಂತಿತು. ಸಾಲಿನಲ್ಲಿದ್ದ ಒಬ್ಬರು ಸಿಡುಕಿದರು: "ಈಗ ಯಾಕ್ ಸಾ ಬಂದ್ರಿ? ಒಂದೇ ಮನೆಯೋರ ಮಧ್ಯೆ ಬೆಂಕಿ ಆಕಕಾ?"

ಉತ್ತರ ಕೊಟ್ಟವರು ನಿಂಗಮ್ಮ. "ಬೆಂಕಿ ಬಿದ್ದು ಇಪ್ಪತ್ತು ವರ್ಸ ಆಯ್ತು ಕಣಪ್ಪ. ಒಬ್ಬ ಈಗ ನೀರು ತಂದವ್ನೆ. ಸುಮ್ಕಿರು."

ಯಾರೂ ನಗಲಿಲ್ಲ. ಹಾಲು ಅಳೆಯುವವನು ತಲೆಯೆತ್ತಿ, "ನಿಂಗಮ್ಮೋರೆ, ನಿಮ್ದು ಬರ್ಲಿ" ಎಂದು ಕರೆದ. ಅವರು ಕ್ಯಾನು ಎತ್ತಿ ಮುಂದೆ ಹೋದರು.

ಮನೆಗೆ ವಾಪಸ್ಸು ಬಂದ ಮೇಲೆ ನಿಂಗಮ್ಮ ಕಾಫಿ ಕೊಟ್ಟರು. "ಮರ್ತ್‌ಬುಟ್ಟೆ ಅಂತ ಏಳಾಕಿಲ್ಲ, ಅದು ಸುಳ್ಳಾದದು" ಎಂದರು. "ಆದ್ರೆ ಬಂದ್ರಲ್ಲ. ಬತ್ತಾ ಇರಿ." ನನ್ನ ಫೋನ್ ನಂಬರನ್ನು ಮೊಮ್ಮಗಳ ಕೈಲಿ ಬರೆಸಿಕೊಂಡರು.

ಕವಲಿನವರೆಗೆ ನಡೆಯೋಣವೆಂದು ಹೊರಟಾಗ ಬೋರೇಗೌಡ ಬೈಕು ತಂದು ನಿಲ್ಲಿಸಿದ. "ಅತ್ತಿ ಸಾ, ನಾಗಮಂಗಲಕ್ಕೆ ಬುಟ್ಟು ಬತ್ತೀನಿ." ಹೆದರಿಕೆಯಾಯಿತೆಂದು ಬರೆಯುವುದರಲ್ಲಿ ಸಂಕೋಚವಿಲ್ಲ. ಆದರೂ ಹತ್ತಿದೆ. ಹೊತ್ತು ಮುಳುಗುತ್ತಿತ್ತು, ಗಾಳಿ ತಣ್ಣಗಾಗಿತ್ತು. ಒಂದು ಸೇತುವೆಯ ಮೇಲೆ ಬೈಕು ನಿಧಾನ ಮಾಡಿ, ತಿರುಗದೆ, ಮುಂದೆ ನೋಡಿಕೊಂಡೇ ಹೇಳಿದ:

"ನಂಗೂ ಗೊತ್ತಿತ್ತು ಸಾ."

"ಏನು?"

"ಕಲ್ಲು. ಚಿಕ್ಕೋನಿದ್ದಾಗ ಅದ್ರ ಮೇಲೆ ಕುಂತ್ಕಂಡು ದನ ಕಾದಿವ್ನಿ. ನೀವು ಈಚೆ ಕಲ್ಲು ಹಿಡಿದಾಗ ಬಾಯಿಗೆ ಬಂತು. ಏಳ್ನಿಲ್ಲ. ಸರ್ಕಾರದೋರೇ ಬರ್ದವ್ರೆ, ನಂದೇನು ತಪ್ಪು ಅಂದ್ಕಂಡೆ. ಇಲ್ಲೀವರ್ಗೂ ಅಂಗೇ ಅಂದ್ಕಂಡಿದ್ದೆ."

ಅವನು ಇಷ್ಟು ವರ್ಷ ನೆಮ್ಮದಿಯಿಂದ ಇದ್ದದ್ದು ನನ್ನ ಸಹಿಯ ನೆರಳಿನಲ್ಲಿ. ಅದಕ್ಕೆ ಅವನನ್ನು ನಾನು ಬೈಯುವಂತಿರಲಿಲ್ಲ. "ಇದನ್ನು ನನಗಲ್ಲ ಹೇಳಬೇಕಾದ್ದು" ಎಂದಷ್ಟೇ ಹೇಳಿದೆ. ಅವನು ಬೈಕಿನ ವೇಗ ಹೆಚ್ಚಿಸಿದ.

ನಾಗಮಂಗಲದಲ್ಲಿ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋಗುವ ನೇರ ಬಸ್ಸು ಹೊರಡಲು ಸಿದ್ಧವಾಗಿತ್ತು. ಹತ್ತಿ ಕೂತೆ. ಬೋರೇಗೌಡ ಹೋಗಿರಲಿಲ್ಲ. ಬೈಕು ನಿಲ್ಲಿಸಿ ಕಿಟಕಿಯ ಹತ್ತಿರ ಬಂದ.

"ಸಾ, ಅತ್ಗೆತಾವ ಕೊಟ್ರಲ್ಲ ಕಾಗ್ದ. ಅದ್ರಲ್ಲಿ ನಿಮ್ ಸಯ್ಯಿ ಕೆಳಗೆ ಜಾಗ ಉಳಿದದಾ?"

"ಅರ್ಧ ಪುಟ ಇದೆ."

"ಒಂದು ಪೆನ್ನು ಕೊಡ್ತೀರಾ?"

ಜೇಬಿನಿಂದ ತೆಗೆದು ಕೊಟ್ಟೆ. ಬಸ್ಸು ಚಲಿಸಿತು. ಹಿಂದಿನ ಗಾಜಿನಲ್ಲಿ ನೋಡಿದಾಗ ಅವನ ಬೈಕು ಹಳ್ಳಿಯ ದಾರಿಗೆ ತಿರುಗುತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ನಿಂಗಮ್ಮನವರ ಫೋನು ಬಂತು. "ಬಂದಿದ್ದ ಕಣಪ್ಪ. ಇಪ್ಪತ್ತು ವರ್ಸದ ಮ್ಯಾಲೆ ಹೊಸ್ಲು ತುಳ್ದ. ಒಂದು ಮುದ್ದೆ ಉಂಡ. ಆಮೇಲೆ ನಿಮ್ಮ ಕಾಗ್ದದ ಮೇಲೆ ಬರ್ದ. ಮೊಮ್ಮಗ್ಳು ಓದುದ್ಲು."

"ಏನು ಬರೆದಿದ್ದಾರೆ ತಾಯಿ?"

ಆ ಕಡೆ ಹಸು ಕೂಗಿದ್ದು ಕೇಳಿಸಿತು.

"ಅದು ನಮ್ಮನೆ ಮಾತು. ನಿಮಗ್ಯಾಕೆ?" ಎಂದು ನಕ್ಕು ಫೋನಿಟ್ಟರು.