ಕುರುಗೋಡಿನಲ್ಲಿ ಇಳಿದ ಮೇಷ್ಟ್ರು

ಬೆಳಿಗ್ಗೆ ಹತ್ತು ಇಪ್ಪತ್ತು. ಕುರುಗೋಡಿನಲ್ಲಿ ಬಸ್ಸು ನಿಂತಿತ್ತು. ಕಿಟಕಿಯ ಸರಳು ಹಿಡಿದಿದ್ದ ನಮ್ಮ ಮೇಷ್ಟ್ರ ಪೆನ್ಸಿಲ್ ಮಸಿ ಮೆತ್ತಿದ ದಪ್ಪ ಬೆರಳುಗಳು ಒಮ್ಮೆಲೇ ಬಿಗಿದು ಬೆಳ್ಳಗಾದವು. ಎದುರಿನ ಕಂಬದ ಮೇಲೆ ಲೈನ್‌ಮನ್ ಬಿಲ್ಲಿನಂತೆ ಬಾಗಿ, ಹೊಗೆಯಾಡಿ, ಕೆಳಗೆ ಬಿದ್ದ.

ಮೇಷ್ಟ್ರು ಬಳ್ಳಾರಿಯ ಸತ್ಯನಾರಾಯಣಪೇಟೆಯವರು. ಸಿರುಗುಪ್ಪದ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದರು. ಅವರ ಶಿಷ್ಯೆಯಾಗಿದ್ದ ನಾನೂ ಅಲ್ಲೇ ಪಾಠ ಹೇಳಲು ಸೇರಿದ್ದೆ. ದಿನವೂ ಬಸ್ಸಿನ ಟಿಕೆಟಿನ ಹಿಂಬದಿಯಲ್ಲಿ ಏನಾದರೂ ಬರೆದು ತೋರಿಸುವುದು ಅವರ ಚಟ. ಅಂದು ಒಂದು ಸ್ಫಟಿಕದ ಹರಳಿನ ಚಿತ್ರ ಬರೆದಿದ್ದರು.

“ಡಯೋಡ್‌ನಾಗ ಎರಡು ಥರದ ವಸ್ತು ಕೂಡಿಸಿ ಕರೆಂಟಿಗೆ ಒಮ್ಮುಖ ದಾರಿ ಮಾಡ್ತೀವಿ. ಈ ಹರಳಿನಾಗ ಕೂಡಿಸೋದೇ ಇಲ್ಲವ್ವಾ. ಎಲೆಕ್ಟ್ರಾನ್ ಅಂದ್ರ ಅಲೆ. ಅದು ಸಾಗ್ತಾ ಸಾಗ್ತಾ ರೂಪ ಬದಲಿಸೋದ್ರಾಗೇ ಒಂದು ಜ್ಯಾಮಿತಿ ಐತಿ. ಹರಳಿನ ಎಡಬಲ ಒಂದೇ ಸಮ ಇಲ್ಲಾಂದ್ರ, ಹಿಂದಕ್ಕ ಮುಂದಕ್ಕ ಎಷ್ಟರ ಜಗ್ಗು, ಕಡೀಗೆ ಕರೆಂಟು ಒಂದೇ ಕಡೆ ಸರೀತೈತಿ.”

“ಬರೇ ತಂತಿ ಆದ್ರ, ಸರ್?”

“ಅದಕ್ಕ ಎರಡೂ ಕಡೆ ಒಂದೇ, ಪಾಪ.”

ಕಂಬದ ಪಕ್ಕದ ಹಿಟ್ಟಿನ ಗಿರಣಿಯಲ್ಲಿ ಜನರೇಟರ್ ಗುಡುಗುತ್ತಿತ್ತು. ಲೈನ್ ಬಂದ್ ಮಾಡಿಸಿಯೇ ಲೈನ್‌ಮನ್ ಕಂಬ ಹತ್ತಿದ್ದ. ಗಿರಣಿಯವನು ಮೇನ್ ಸ್ವಿಚ್ ಆಫ್ ಮಾಡದೆ ಜನರೇಟರ್ ಹಚ್ಚಿದ್ದ. ಕರೆಂಟು ಹಿಂದಕ್ಕೆ ಹರಿದು ಕಂಬ ಸೇರಿತ್ತು.

ಜನ ಗಿರಣಿಯವನನ್ನು ಹೊರಗೆಳೆದರು. “ಕರೆಂಟು ಕಂಬದಿಂದ ಗಿರಣಿಗೆ ಬರತೈತ್ರೀ, ಗಿರಣಿಯಿಂದ ಕಂಬಕ್ಕ ಹೋಗತೈತೇನು?” ಎಂದು ಅವನು ಬಾಯಿ ತೆರೆದದ್ದೇ ತಡ, ಯಾರೋ ಕಲ್ಲಿನಿಂದ ಅವನ ಹಲ್ಲು ಉದುರಿಸಿದರು.

“ಕೊಂದು ಮ್ಯಾಲ ಶಾಣ್ಯಾತನ ಮಾಡ್ತೀಯೇನಲೇ!”

“ಇಳೀಬ್ಯಾಡ್ರಿ ಸರ್,” ಎಂದು ಮೇಷ್ಟ್ರ ತೋಳು ಹಿಡಿದೆ. ಕೊಡವಿಕೊಂಡು ಇಳಿದು ಹೋಗಿ ಗಿರಣಿಯವನ ಮೇಲೆ ಅಡ್ಡ ಬಿದ್ದರು.

“ಅವಗ ಗೊತ್ತಿಲ್ಲರೋ! ನಿಮಗಾದ್ರೂ ಯಾರಿಗೆ ಗೊತ್ತಿತ್ತು? ಪೊಲೀಸರ ಕೈಗೆ ಕೊಡ್ರಿ!”

“ಏಳಲೇ ಮುದುಕಾ!”

ಕಬ್ಬಿಣದ ರಾಡು ಎರಡು ಸಲ ಅವರ ತಲೆಯ ಮೇಲೆ ಇಳಿಯಿತು. ಎರಡನೆಯ ಪೆಟ್ಟಿಗೆ ಹಸಿ ಕಟ್ಟಿಗೆ ಸೀಳಿದಂಥ ಸದ್ದಾಯಿತು. ರಾಡು ಹಿಡಿದಿದ್ದವನು ನನ್ನ ಸೋದರಮಾವ, ಸತ್ತ ಲೈನ್‌ಮನ್‌ನ ಗೆಳೆಯ. ನಾನು ಬಸ್ಸಿನ ಮೆಟ್ಟಿಲಿನಿಂದ ಕದಲಲಿಲ್ಲ.

ಗಿರಣಿಯವನು ಬದುಕಿದ. ಮೇಷ್ಟ್ರು ಮೂರನೆಯ ದಿನ ಬಳ್ಳಾರಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ರಾಡು ಬೀಸಿದ್ದು ಯಾರೆಂದು ಊರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

“ನೀ ಬಸ್ಸಿನಾಗ ಕುಂತಿದ್ದಿ, ಏನೂ ಕಂಡಿಲ್ಲ,” ಎಂದಳು ಅವ್ವ. “ನನ್ನ ಬೆನ್ನಿಗೆ ಬಿದ್ದ ತಮ್ಮ ಅವ.”

ಕಣ್ಣು ಮುಚ್ಚಿದರೆ ಕಟ್ಟಿಗೆ ಸೀಳಿದ ಆ ಸದ್ದು; ನಿದ್ದೆ ಹತ್ತುತ್ತಿರಲಿಲ್ಲ. ಒಂದು ತಿಂಗಳು ಸುಮ್ಮನಿದ್ದೆ. ಆಮೇಲೊಂದು ಸೋಮವಾರ ಠಾಣೆಗೆ ಹೋಗಿ, ಮಾವನ ಹೆಸರು ಹೇಳಿ, ಹೇಳಿಕೆಯ ಕೆಳಗೆ ಸಹಿ ಹಾಕಿದೆ. ಅಂದು ಅವ್ವ ನನ್ನನ್ನು ಊಟಕ್ಕೆ ಕರೆಯಲಿಲ್ಲ. ಉಣ್ಣದೆ ಮಲಗಿದೆ. ಎಚ್ಚರವಾದಾಗ ಕಾಲ ಮೇಲೆ ಬಿಸಿಲು ಬಿದ್ದಿತ್ತು.